ಗುಡ್ಡದ ಜಾತಕ, ಮೂರನೇ ಜೋಯಿಸರು

ಮದುವೆ ಒಳಗೊಳಗೇ ನಿಶ್ಚಯವಾಗಿದ್ದರೂ ಜಾತಕ ತೋರಿಸುವ ಶಾಸ್ತ್ರವನ್ನು ನಾವು ಬಿಡುವುದಿಲ್ಲ. ಮೊದಲ ಜೋಯಿಸರು 'ಕೂಡಿ ಬರುವುದಿಲ್ಲ' ಎಂದರೆ ದಕ್ಷಿಣೆ ಕೊಟ್ಟು, ಕಾಲಿಗೆ ಬಿದ್ದು, ಪಕ್ಕದೂರಿನ ಜೋಯಿಸರನ್ನು ಹುಡುಕಿಕೊಂಡು ಹೋಗುತ್ತೇವೆ. ಗಂಡಿನ ಕಡೆಯವರಿಗೆ ಮಾತು ಕೊಟ್ಟಾಗಿದೆಯಲ್ಲ! ಸರ್ಕಾರಗಳು ತಜ್ಞರ ಸಮಿತಿ ನೇಮಿಸುವುದೂ ಇದೇ ಪದ್ಧತಿಯಲ್ಲಿ. ಇಲ್ಲಿ ಹುಡುಗಿ ಪಶ್ಚಿಮ ಘಟ್ಟ. ಹುಡುಗ ಗಣಿ, ಕಲ್ಲುಕ್ವಾರಿಯವರ ಪೈಕಿ. ಅನುಕೂಲಸ್ಥರು.

2010ರಲ್ಲಿ ಕೇಂದ್ರ ಸರ್ಕಾರ ಮೊದಲ ಜೋಯಿಸರಾಗಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರನ್ನು ಕರೆದದ್ದೇ ಎಡವಟ್ಟಾಯಿತು. ಉತ್ತರ ಕನ್ನಡದ ಬಿದಿರುಮೆಳೆಗಳಲ್ಲಿ ವರ್ಷಗಟ್ಟಲೆ ಓಡಾಡಿದ ಮನುಷ್ಯ, ಜಾತಕ ಬಿಡಿಸುವ ಮೊದಲೇ ಹುಡುಗಿಯನ್ನು ಬಲ್ಲವರು. ಇಡೀ ಘಟ್ಟವೇ ಸೂಕ್ಷ್ಮ, ಮೂರು ದರ್ಜೆ ಮಾಡಿ ಕಾಪಾಡಿ ಎಂದು 2011ರ ಆಗಸ್ಟಿನಲ್ಲಿ ಬರೆದುಕೊಟ್ಟರು. ಸಾಲದ್ದಕ್ಕೆ, ಗ್ರಾಮಸಭೆಗಳನ್ನು ಕೇಳಿ ತೀರ್ಮಾನಿಸಿ ಎಂದರು. ಹೆಣ್ಣಿನ ಮನೆಯವರನ್ನು ಕೇಳಿ ಮದುವೆ ಮಾಡುವುದುಂಟೆ?

ವರದಿ ಪೆಟ್ಟಿಗೆ ಸೇರಿತು. ಮಾಹಿತಿ ಹಕ್ಕಿನಲ್ಲಿ ಕೇಳಿದವರಿಗೂ ಕೇಂದ್ರ ಪರಿಸರ ಸಚಿವಾಲಯ ಕೊಡಲಿಲ್ಲ. ಮಾಹಿತಿ ಆಯೋಗ ಕೊಡಿ ಎಂದಿತು, ಇವರು ದೆಹಲಿ ಹೈಕೋರ್ಟಿಗೆ ಓಡಿದರು, ಅಲ್ಲಿಯೂ ಸೋತು 2012ರ ಮೇ ತಿಂಗಳಲ್ಲಿ ಹೊರಗಿಟ್ಟರು. ಜೊತೆಗೊಂದು ಒಕ್ಕಣೆ: ಇದನ್ನು ನಾವಿನ್ನೂ ಒಪ್ಪಿಲ್ಲ. ತಾವೇ ಕರೆಸಿ, ತಾವೇ ಕೇಳಿ ಬರೆಸಿಕೊಂಡ ಜಾತಕವನ್ನು ಮುಚ್ಚಿಡಲು ಕೋರ್ಟಿಗೆ ಹೋದ ಬೀಗರನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಎರಡನೆಯ ಜೋಯಿಸರು ಕಸ್ತೂರಿರಂಗನ್. ಇಸ್ರೋ ಅಧ್ಯಕ್ಷರಾಗಿದ್ದವರು. ಗ್ರಹಗತಿ ಅವರಿಗೆ ತಿಳಿಯದೆ ಇನ್ನಾರಿಗೆ ತಿಳಿದೀತು? ಉಪಗ್ರಹದ ಚಿತ್ರಗಳನ್ನು ಹರಡಿಕೊಂಡು ಕೂತು, 2013ರ ಏಪ್ರಿಲ್‌ನಲ್ಲಿ ಘಟ್ಟದ ಶೇ. 37ರಷ್ಟು ಭಾಗಕ್ಕೆ ಮಾತ್ರ ದೋಷವಿದೆ ಎಂದರು. ಉಳಿದದ್ದಕ್ಕೆ ಅಭ್ಯಂತರವಿಲ್ಲ. ಇಷ್ಟು ರಿಯಾಯಿತಿ ಸಿಕ್ಕ ಮೇಲೆ ವಾಲಗ ಊದಿಸಬೇಕಿತ್ತು. ಆದರೆ ಆ 37ರೊಳಗೆ ಕರ್ನಾಟಕದ 20,668 ಚದರ ಕಿ.ಮೀ. ಸೇರಿಬಿಟ್ಟಿತ್ತು, ಆರು ರಾಜ್ಯಗಳ ಪೈಕಿ ನಮ್ಮದೇ ದೊಡ್ಡ ಪಾಲು.

ಆಗ ಶುರುವಾಯಿತು ನೋಡಿ ನಿಜವಾದ ಪಾಂಡಿತ್ಯ. ವರದಿ ಬೇಡವೆಂದದ್ದು ಗಣಿ, ಕ್ವಾರಿ, ಮರಳು ತೆಗೆಯುವುದು, ಶಾಖೋತ್ಪನ್ನ ಸ್ಥಾವರ, ಕೆಂಪು ಪಟ್ಟಿಯ (ಅಂದರೆ ಅತಿ ಹೆಚ್ಚು ಮಾಲಿನ್ಯದ) ಕಾರ್ಖಾನೆ, 20,000 ಚದರ ಮೀಟರ್ ಮೀರಿದ ಕಟ್ಟಡ. ಮಲೆನಾಡಿನ ಅಂಗಡಿಕಟ್ಟೆಗೆ ಮುಟ್ಟುವಷ್ಟರಲ್ಲಿ ಅದು, "ಮನೆಗೆ ಸುಣ್ಣ ಬಳೀಲಿಕ್ಕೂ ದಿಲ್ಲಿಯಿಂದ ಪರ್ಮಿಶನ್ ಬರ್ಬೇಕಂತೆ ಮಾರಾಯ್ರೆ" ಎಂದಾಗಿತ್ತು. ಹೇಳಿದವರು ಯಾರೂ ವರದಿ ಓದಿದವರಲ್ಲ. ಓದಿದ್ದರೆ ಅಷ್ಟು ಧೈರ್ಯವಾಗಿ ಹೇಳಲು ಬರುತ್ತಿರಲಿಲ್ಲ. ಇಪ್ಪತ್ತು ಗುಂಟೆ ತೋಟದ ರೈತ ಹೆದರಿ ಮೆರವಣಿಗೆಯ ಮುಂದೆ ನಿಂತ. ಅವನಿಗೆ ಅವನ ಭಾಷೆಯಲ್ಲಿ ಕೂರಿಸಿಕೊಂಡು ವಿವರಿಸಿದವರಿಲ್ಲ, ಹಾಗಾಗಿ ಅವನನ್ನು ದೂರುವಂತಿಲ್ಲ. ಕ್ವಾರಿಯವರು ಮೆರವಣಿಗೆಗೆ ಬರಬೇಕಾದ ಪ್ರಮೇಯವೇ ಬೀಳಲಿಲ್ಲ.

ದೋಷವಿದ್ದ ಆ ಭಾಗವನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಸಾರಲು ಕೇಂದ್ರ 2014ರಲ್ಲಿ ಕರಡು ಅಧಿಸೂಚನೆ ಹೊರಡಿಸಿತು. ಅವಧಿ ಮುಗಿದು ಅದು ಬಿದ್ದುಹೋಯಿತು. ಮತ್ತೊಂದು ಬಂತು, ಅದೂ ಬಿತ್ತು. ಬೆಂಗಳೂರಿನಲ್ಲಿ ಪಕ್ಷಗಳು ಬದಲಾದವು, 'ಒಪ್ಪುವುದಿಲ್ಲ' ಎಂಬ ಉತ್ತರ ಬದಲಾಗಲಿಲ್ಲ. ಒಬ್ಬರನ್ನೊಬ್ಬರು ಮುಖ ನೋಡದ ಪಕ್ಷಗಳು ಒಟ್ಟಿಗೆ ಕೂತು ಉಂಡ ಏಕೈಕ ಪಂಕ್ತಿ ಇದು. 2022ರಲ್ಲಿ ಮೂರನೆಯ ಜೋಯಿಸರು ಬಂದರು: ಅರಣ್ಯ ಇಲಾಖೆಯ ನಿವೃತ್ತ ಮಹಾನಿರ್ದೇಶಕ ಸಂಜಯ್ ಕುಮಾರ್ ಅವರ ಸಮಿತಿ. ಹಿಂದಿನ ಜಾತಕವನ್ನೇ ಹೊಸ ಕನ್ನಡಕ ಹಾಕಿ ನೋಡುವುದು ಅವರ ಕೆಲಸ.

2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೆ ಬಂತು. 30ರಂದು ವಯನಾಡಿನಲ್ಲಿ ಊರುಗಳ ಮೇಲೇ ಬಂತು. ಮಾರನೆಯ ದಿನ, 31ರ ತಾರೀಖು ಹಾಕಿ, ಕೇಂದ್ರ ಆರನೆಯ ಕರಡು ಹೊರಡಿಸಿತು. ಆಕ್ಷೇಪಣೆಗೆ 60 ದಿನದ ಗಡುವು.

ಸೆಪ್ಟೆಂಬರ್ 26ರಂದು ನಮ್ಮ ಸಚಿವ ಸಂಪುಟ ಸೇರಿ ಕಸ್ತೂರಿರಂಗನ್ ವರದಿ ಬೇಡವೆಂದು ತೀರ್ಮಾನಿಸಿತು. ಲೆಕ್ಕ ಹಾಕಿದೆ, 57ನೇ ದಿನ. ಸರ್ಕಾರಿ ಕೆಲಸ ಗಡುವಿನೊಳಗೆ ಮುಗಿಯುವುದಿಲ್ಲ ಎನ್ನುವವರು ಇನ್ನಾದರೂ ಬಾಯಿ ಮುಚ್ಚಿಕೊಳ್ಳಲಿ.