ಅನ್ನ ಆರುವ ಮುಂಚೆ

ಡಿಸೆಂಬರ್ ಹತ್ತಿರ ಬರುತ್ತಿದೆ. ನಮ್ಮ ಸಭೆಗಳಲ್ಲಿ ಈಗಲೇ ಪಟ್ಟಿ ಶುರುವಾಗಿದೆ. ಕ್ಯಾರೋಲ್ ಯಾವ ದಿನ, ಕೇಕ್ ಎಷ್ಟು ಕೆಜಿ, ಮನೆಯಿಲ್ಲದವರು ಮಲಗುವ ನೈಟ್ ಶೆಲ್ಟರ್‌ಗೆ ಕಂಬಳಿ ಎಷ್ಟು. ಹೋದ ಭಾನುವಾರ ಆರಾಧನೆ ಮುಗಿದ ಮೇಲೆ ಯೂತ್ ಗುಂಪಿನ ಇಬ್ಬರು ಹುಡುಗರು ಬಂದು, "ಆಂಟಿ, ಶೆಲ್ಟರ್ ಪ್ರೋಗ್ರಾಂ ನೀವು ಮಾಡ್ತೀರಲ್ಲ, ಮೊದಲು ಮೆಸೇಜ್, ಆಮೇಲೆ ಊಟ ಅಲ್ವಾ?" ಎಂದು ಕೇಳಿದರು. ಮೆಸೇಜ್ ಅಂದರೆ ದೇವರ ವಾಕ್ಯದ ಪ್ರಸಂಗ. ಅಲ್ಲ ಮಕ್ಕಳೇ ಅಂದೆ. ಯಾಕಲ್ಲ ಅನ್ನೋದನ್ನು ಚರ್ಚಿನ ಬಾಗಿಲಲ್ಲಿ ನಿಂತು ಹೇಳಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಓದಿ.

ನಾನು ಮೊದಲ ಸಲ ಶೆಲ್ಟರ್‌ಗೆ ಹೋಗಿದ್ದು 9 ವರ್ಷದ ಹಿಂದೆ. ಬೆಂಗಳೂರಿನ ಮೆಜೆಸ್ಟಿಕ್ ಕಡೆಯದು. ನಾವು ಹನ್ನೆರಡು ಜನ. ಎರಡು ದೊಡ್ಡ ಡಬರಿ ತುಂಬ ಪಲಾವ್, ಬಕೆಟ್ಟಿನಲ್ಲಿ ಮೊಸರು ಬಜ್ಜಿ, ಒಂದು ಗಿಟಾರ್. ಡಬರಿಗಳನ್ನು ಬಾಗಿಲ ಪಕ್ಕ ಇಟ್ಟು ಮುಚ್ಚಿದೆವು. ಆಮೇಲೆ ಮೂರು ಹಾಡು, ದೇವರು ತನಗೆ ಏನು ಮಾಡಿದ ಎಂದು ಒಬ್ಬರು ಹೇಳುವ ಒಂದು ಸಾಕ್ಷಿ, ಒಂದು ಸಂದೇಶ, ಕೊನೆಗೆ ಪ್ರಾರ್ಥನೆ. ಮುಕ್ಕಾಲು ಗಂಟೆ ಹಿಡಿಯಿತು. ನಾನು ಹಾಡುತ್ತಾ ಇದ್ದೆ. ಎದುರಿಗೆ ಒಬ್ಬ ತಾಯಿ, ತೊಡೆ ಮೇಲೆ ನಾಲ್ಕೈದು ವರ್ಷದ ಹುಡುಗಿ. ಆ ಮಗು ನಮ್ಮ ಮುಖ ನೋಡಲೇ ಇಲ್ಲ. ಡಬರಿ ಮುಚ್ಚಳದ ಅಂಚಿನಿಂದ ಹಬೆ ಬರುತ್ತಿತ್ತು, ಅದನ್ನೇ ನೋಡುತ್ತಿತ್ತು. ಸ್ವಲ್ಪ ಹೊತ್ತಿಗೆ ಹಬೆ ನಿಂತಿತು. ಸಂದೇಶ ಇನ್ನೂ ನಡೀತಾನೇ ಇತ್ತು. ಪ್ರಾರ್ಥನೆಗೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮಗು ತಾಯಿಯ ಭುಜದ ಮೇಲೆ ನಿದ್ದೆ ಹೋಗಿತ್ತು. ತಾಯಿ ತಟ್ಟೆ ಹಿಡಿದುಕೊಂಡು ಕೆನ್ನೆ ತಟ್ಟಿ ತಟ್ಟಿ ಎಬ್ಬಿಸಿದಳು. ಏಳಲಿಲ್ಲ.

ಪಾತ್ರೆ ಎತ್ತುವಾಗ ಒಬ್ಬ ಅಣ್ಣ ನನ್ನ ಹತ್ತಿರ ಬಂದು ಹೇಳಿದ, "ಮೇಡಂ, ಯಾವ ಹಾಡು ಹೇಳಿಕೊಟ್ಟರೂ ಹಾಡ್ತೀವಿ. ಸ್ವಲ್ಪ ಬೇಗ ಮುಗಿಸಿ, ಬೆಳಗ್ಗೆ ನಾಲ್ಕಕ್ಕೆ ಕೇಟರಿಂಗ್ ಕೆಲಸಕ್ಕೆ ಹೋಗಬೇಕು." ಬೇಜಾರಿನಿಂದ ಹೇಳಿದ್ದಲ್ಲ. ತುಂಬ ಮರ್ಯಾದೆಯಿಂದಲೇ ಹೇಳಿದ. ಅವತ್ತು ರಾತ್ರಿ ನನಗೆ ಊಟ ಇಳಿಯಲಿಲ್ಲ. ಅವರು ಹಾಡಿದ್ದು ದೇವರಿಗಲ್ಲ, ಪಲಾವಿಗೆ. ಹಾಗೆ ಹಾಡಿಸಿದವರು ನಾವು.

ನಾನು ಹುಟ್ಟಿದ್ದು ಪ್ರಾರ್ಥನೆಯ ಮನೆಯಲ್ಲಿ. ಅಪ್ಪ ಸಭಾಪಾಲಕರಾಗಿದ್ದರು. ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡದೆ ನಾವು ತುತ್ತು ಎತ್ತಿದವರಲ್ಲ. ಹಾಗಾಗಿ ಇದನ್ನು ಪ್ರಾರ್ಥನೆ ಬೇಡ ಅನ್ನುವವಳ ಮಾತು ಅಂದುಕೊಳ್ಳಬೇಡಿ. ಪ್ರಾರ್ಥನೆ ಬೇಕು. ಆದರೆ ನನ್ನ ಮನೆಯಲ್ಲಿ ನನ್ನ ತಟ್ಟೆಯ ಮುಂದೆ ನಾನು ಕಣ್ಣು ಮುಚ್ಚುವುದು ಬೇರೆ. ಹಸಿದವರ ತಟ್ಟೆ ನನ್ನ ಕೈಯಲ್ಲಿ ಹಿಡಿದುಕೊಂಡು ಅವರ ಕಣ್ಣು ಮುಚ್ಚಿಸುವುದು ಬೇರೆ. "ಅನುದಿನದ ಆಹಾರ" ಕೊಡು ಎಂದು ದಿನಾ ಕೇಳುವವರು ನಾವು. ಆ ಆಹಾರವನ್ನೇ ತಡೆದಿಟ್ಟುಕೊಂಡು ಆ ಪ್ರಾರ್ಥನೆ ಹೇಳಿಸಿದರೆ ಏನರ್ಥ?

ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಗ್ರ್ಯಾಂಟ್ಸ್ ಪಾಸ್ ಅಂತ ಒಂದು ಊರಿದೆ. ಸುಮಾರು 38 ಸಾವಿರ ಜನ. ಮನೆಯಿಲ್ಲದವರು 600ರವರೆಗೂ ಇದ್ದರು ಎಂದು ಕೋರ್ಟಿನ ದಾಖಲೆ ಹೇಳುತ್ತದೆ. ವಯಸ್ಕರಿಗೆ ಎಂದು ಇದ್ದ ಮುಖ್ಯ ಶೆಲ್ಟರ್ ಒಂದು ಕ್ರೈಸ್ತ ಮಿಷನ್ನಿನದು, ಸುಮಾರು 100 ಹಾಸಿಗೆ. ಅಲ್ಲಿ ಉಳಿಯಬೇಕಾದರೆ ಸಿಗರೇಟು ಮುಟ್ಟುವಂತಿರಲಿಲ್ಲ, ಕೆಲಸ ಮಾಡಬೇಕಿತ್ತು, ಪ್ರಾರ್ಥನಾಕೂಟಕ್ಕೆ ಬರಬೇಕಿತ್ತು. ಪಾರ್ಕಿನಲ್ಲಿ ಕಂಬಳಿ ಹೊದ್ದು ಮಲಗಿದರೆ ಊರಿನ ಆಡಳಿತ ಆಗ ಹಾಕುತ್ತಿದ್ದ ದಂಡ 295 ಡಾಲರ್. ಕೇಸು ಕೋರ್ಟಿಗೆ ಹೋಯಿತು. ಇಂಥ ಷರತ್ತು ಇರುವ ಹಾಸಿಗೆಯನ್ನು ಎಲ್ಲರಿಗೂ ಸಿಗುವ ಹಾಸಿಗೆ ಎಂದು ಲೆಕ್ಕ ಹಿಡಿಯಲು ಆಗುವುದಿಲ್ಲ ಎಂದು ಕೆಳಗಿನ ಕೋರ್ಟು ಹೇಳಿತು. ಕೊನೆಗೆ 2024ರ ಜೂನ್ 28ರಂದು ಅಲ್ಲಿನ ಸುಪ್ರೀಂ ಕೋರ್ಟು 6-3ರಲ್ಲಿ ಊರಿನ ಪರವಾಗಿ ತೀರ್ಪು ಕೊಟ್ಟಿತು. ಯಾರು ಗೆದ್ದರು ಅನ್ನೋದಕ್ಕಿಂತ ನನಗೆ ಚುಚ್ಚಿದ್ದು ಬೇರೆ. ಯೇಸುವಿನ ಹೆಸರಿನಲ್ಲಿ ಹಾಸಿದ ಹಾಸಿಗೆಯನ್ನು ನೋಡಿ, ಇದು ಲೆಕ್ಕಕ್ಕೆ ಬರುವುದಿಲ್ಲ ಎಂದು ಒಬ್ಬ ಜಡ್ಜ್ ಬರೆಯಬೇಕಾಯಿತಲ್ಲ. ಆ ಮಿಷನ್ನಿನವರೂ ಒಳ್ಳೆಯ ಮನಸ್ಸಿನಿಂದಲೇ ಮಾಡಿರುತ್ತಾರೆ. ಆ ಡಬರಿ ಮುಚ್ಚಿದಾಗ ನಾವೂ ಒಳ್ಳೆಯ ಮನಸ್ಸಿನವರೇ.

ನಮ್ಮ ಕಡೆಯ ಶೆಲ್ಟರ್‌ಗಳ ವಿಷಯ ಸ್ವಲ್ಪ ಹೇಳಬೇಕು. ಬಹಳ ಜನಕ್ಕೆ ಇದು ಗೊತ್ತಿಲ್ಲ. 2010ರಲ್ಲಿ ದೆಹಲಿಯ ಚಳಿಯಲ್ಲಿ ಬೀದಿಯಲ್ಲಿ ಮಲಗಿದವರ ವಿಷಯ ಸುಪ್ರೀಂ ಕೋರ್ಟಿನ ಮುಂದೆ ಬಂತು. ಆಮೇಲೆ ದೊಡ್ಡ ನಗರಗಳಲ್ಲಿ ಪ್ರತಿ ಒಂದು ಲಕ್ಷ ಜನಕ್ಕೆ ಒಂದು ಶೆಲ್ಟರ್ ಇರಬೇಕು, ವರ್ಷದ 365 ದಿನವೂ 24 ಗಂಟೆಯೂ ತೆರೆದಿರಬೇಕು ಎಂದು ಆಯಿತು. 2011ರ ಜನಗಣತಿಯಲ್ಲಿ ದೇಶದಲ್ಲಿ ಮನೆಯಿಲ್ಲದವರು 17.7 ಲಕ್ಷ. ಆಗಲೇ ಬೆಂಗಳೂರಿನ ಜನಸಂಖ್ಯೆ 84 ಲಕ್ಷ. ಎಷ್ಟು ಶೆಲ್ಟರ್ ಬೇಕು, ನೀವೇ ಲೆಕ್ಕ ಹಾಕಿ. ಈ ಶೆಲ್ಟರ್‌ಗಳು ಸರ್ಕಾರದ ದುಡ್ಡಿನವು, ನಡೆಸುವುದು ಸಂಸ್ಥೆಗಳು. ಅಂದರೆ ಅದು ಎಲ್ಲರ ಜಾಗ. ಒಂದೇ ಹಾಲ್‌ನಲ್ಲಿ ನಮಾಜ್ ಮಾಡುವವರು, ಮಲೆ ಮಾದಪ್ಪನ ಫೋಟೋ ದಿಂಬಿನ ಕೆಳಗೆ ಇಟ್ಟುಕೊಂಡವರು, ಯಾವ ದೇವರ ಸಹವಾಸವೂ ಬೇಡ ಅನ್ನುವವರು ಚಾಪೆಗೆ ಚಾಪೆ ತಾಗಿಸಿ ಮಲಗುತ್ತಾರೆ. ಅಲ್ಲಿರುವವರೆಲ್ಲ ಭಿಕ್ಷೆ ಬೇಡುವವರು ಅನ್ನೋದು ದೊಡ್ಡ ತಪ್ಪು. ಗಾರೆ ಕೆಲಸ, ಕೇಟರಿಂಗ್, ಮೂಟೆ ಹೊರುವುದು, ಚಿಂದಿ ಆಯುವುದು. ಜಾಸ್ತಿ ಜನ ದುಡಿಯುವವರೇ. ಬಾಡಿಗೆ ಮನೆಗೆ ಅಡ್ವಾನ್ಸ್ ಕೊಡುವಷ್ಟು ದುಡ್ಡು ಯಾವತ್ತೂ ಒಟ್ಟಿಗೆ ಕೈಗೆ ಬರುವುದಿಲ್ಲ, ಅಷ್ಟೇ.

ಇನ್ನು ಮತಾಂತರದ ಮಾತು. 2022ರಲ್ಲಿ ನಮ್ಮ ರಾಜ್ಯದಲ್ಲಿ ಮತಾಂತರ ನಿಷೇಧ ಕಾನೂನು ಬಂದಾಗ ನಮ್ಮ ಗುಂಪಿನ ಕೆಲವರು ಹೆದರಿ ಬರುವುದನ್ನೇ ಬಿಟ್ಟರು. 2023ರ ಜೂನ್‌ನಲ್ಲಿ ಅದನ್ನು ವಾಪಸ್ ತೆಗೆಯಲು ಸಂಪುಟ ತೀರ್ಮಾನಿಸಿದಾಗ ಕೆಲವರು ಖುಷಿಪಟ್ಟರು. ಆ ಕಾನೂನಿನಲ್ಲಿ ನನಗೆ ತಪ್ಪು ಕಂಡಿದ್ದು ಬಹಳ ಇದೆ. ಕೈ ಹಿಡಿದು ಪ್ರಾರ್ಥಿಸಿದ್ದಕ್ಕೂ ಯಾರಾದರೂ ಕಂಪ್ಲೇಂಟ್ ಕೊಡಬಹುದು ಅನ್ನುವ ಭಯ ಯಾರಿಗೂ ಒಳ್ಳೆಯದಲ್ಲ. ಆದರೆ ಅದರಲ್ಲಿದ್ದ "ಆಮಿಷ" ಅನ್ನುವ ಒಂದು ಶಬ್ದದ ಮುಂದೆ ನಾನು ಬಹಳ ಹೊತ್ತು ಕೂತಿದ್ದೆ. ಮುಚ್ಚಿಟ್ಟ ಆ ಡಬರಿ ನೆನಪಾಯಿತು. ಕಾನೂನು ಇರಲಿ ಹೋಗಲಿ, ನಾವು ಹಾಗೆ ಮಾಡಬಾರದು.

ನಮ್ಮ ಹಿರಿಯರಲ್ಲೇ ದಾರಿ ಇದೆ. ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದಲ್ಲಿ ಜಾನ್ ಜ್ಯುಗಾನ್ ಎಂಬ ಬಡ ಹೆಂಗಸು ಇದ್ದರು. ಮನೆಗೆಲಸ ಮಾಡಿ ಬದುಕುತ್ತಿದ್ದವರು. 1839ರ ಚಳಿಗಾಲದಲ್ಲಿ ಕಣ್ಣು ಕಾಣದ, ದಿಕ್ಕಿಲ್ಲದ ಒಬ್ಬ ಮುದುಕಿಯನ್ನು ಮನೆಗೆ ಕರೆತಂದರು. ತಮ್ಮ ಹಾಸಿಗೆಯನ್ನೇ ಆಕೆಗೆ ಬಿಟ್ಟುಕೊಟ್ಟು ತಾವು ಅಟ್ಟದಲ್ಲಿ ಮಲಗಿದರು. ಆಮೇಲೆ ಬುಟ್ಟಿ ಹಿಡಿದು ಮನೆ ಮನೆ ಬೇಡಿ ಇನ್ನಷ್ಟು ಮುದುಕರನ್ನು ಸಾಕಿದರು. ಅವರು ಕಟ್ಟಿದ ಸಂಸ್ಥೆಯ ಸಿಸ್ಟರ್‌ಗಳು ನಮ್ಮ ಹೊಸೂರು ರಸ್ತೆಯಲ್ಲೂ ವೃದ್ಧರ ಮನೆ ನಡೆಸುತ್ತಾರೆ. 2009ರಲ್ಲಿ ಜ್ಯುಗಾನ್‌ರನ್ನು ಸಂತರೆಂದು ಘೋಷಿಸಿದರು. ನಾನು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದವಳು, ಕ್ಯಾಥೋಲಿಕ್ ಅಲ್ಲ. ಆದರೂ ಆ ಅಟ್ಟದ ಚಿತ್ರ ನನ್ನ ಕಣ್ಣಿಂದ ಹೋಗುವುದಿಲ್ಲ. ಹಾಸಿಗೆ ಕೊಡುವಾಗ ಆಕೆ ಏನೂ ಕೇಳಲಿಲ್ಲ. ಲಂಡನ್ನಿನಲ್ಲಿ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾ ಸಂಸ್ಥೆ ಕಟ್ಟಿದವರ ಹಳೆಯ ಮಾತೂ ಇದೆಯಲ್ಲ, ಸೂಪು, ಸೋಪು, ರಕ್ಷಣೆ ಅಂತ. ಅದರಲ್ಲೂ ಮೊದಲು ಬಂದಿದ್ದು ಸೂಪು.

ಹಾಗಾದರೆ ನೀವು ಅಲ್ಲಿ ಹೋಗಿ ಪ್ರಾರ್ಥನೆ ಮಾಡುವುದೇ ಇಲ್ವಾ ಎಂದು ಕೇಳುತ್ತೀರಿ. ಮಾಡುತ್ತೇವೆ. ಮೊದಲಿಗಿಂತ ಜಾಸ್ತಿ ಮಾಡುತ್ತೇವೆ. ಈಗ ತಿಂಗಳಿಗೆ ಎರಡು ಶನಿವಾರ ಹೋಗುತ್ತೇನೆ, ಮೂರು ನಾಲ್ಕು ಜನ ಅಷ್ಟೇ. ಗಿಟಾರ್ ಇಲ್ಲ. ಊಟ ತಂದಿದ್ದರೆ ಬಂದ ತಕ್ಷಣ ಬಡಿಸುತ್ತೇವೆ. ಆಮೇಲೆ ಸುಮ್ನೆ ಕೂರುತ್ತೇವೆ. ಶೆಲ್ಟರ್‌ನಲ್ಲಿ ರಾತ್ರಿ ಎಂಟೂವರೆ ಅಂದರೆ ಪ್ಲಗ್ ಬೋರ್ಡಿನ ಹತ್ತಿರ ಗುಂಪು. ಒಂದು ಬೋರ್ಡಿಗೆ ಹತ್ತು ಹದಿನೈದು ಚಾರ್ಜರ್. ಅಲ್ಲಿ ಮಾತು ತಾನಾಗೇ ಬರುತ್ತದೆ. ಮೊದಮೊದಲು ಹೆಸರು ಬರೆದುಕೊಳ್ಳಲು ನೋಟ್‌ಬುಕ್ ತೆಗೆದಿದ್ದೆ. ಎಲ್ಲರೂ ಹಿಂದಕ್ಕೆ ಸರಿದರು. ಒಬ್ಬ ಅಮ್ಮ, "ಮಾಗಡಿ ರೋಡಿಗೆ ಎತ್ತಾಕ್ಕೊಂಡು ಹೋಗ್ತೀರಾ?" ಎಂದು ಕೇಳಿದರು. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಲ್ಲಿ ಹಿಡಿದವರನ್ನು ಇಡುವ ಕೇಂದ್ರ ಅಲ್ಲಿದೆ. ಬೀದಿಯಲ್ಲಿ ಮಲಗಿದವರಿಗೆ ಆ ವ್ಯಾನಿನ ಭಯ ಇವತ್ತಿಗೂ ಇದೆ. ಅವತ್ತಿನಿಂದ ನೋಟ್‌ಬುಕ್ ಚೀಲದಲ್ಲೇ ಇರುತ್ತದೆ. ಮನೆಗೆ ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು ನೆನಪು ಮಾಡಿಕೊಂಡು ಬರೆಯುತ್ತೇನೆ.

ನಾನು ಚರ್ಚಿನವಳು ಎಂದು ಅವರಿಗೆ ಗೊತ್ತು. ಅದನ್ನು ನಾನು ಮುಚ್ಚಿಡುವುದಿಲ್ಲ. ಪ್ರಾರ್ಥನೆ ಬೇಕಾದವರು ಅವರಾಗಿಯೇ ಕೇಳುತ್ತಾರೆ. ನಮ್ಮ ಊರಿನಲ್ಲಿ ಇದೇನು ಹೊಸದಲ್ಲ. ಶಿವಾಜಿನಗರದ ಸೇಂಟ್ ಮೇರಿ ಚರ್ಚಿಗೆ, ಗುರುವಾರ ವಿವೇಕನಗರದ ಬಾಲ ಯೇಸುವಿನ ಹತ್ತಿರಕ್ಕೆ ಯಾವ ಯಾವ ಜಾತಿಯವರು ಬರುವುದಿಲ್ಲ ಹೇಳಿ. ಮೇಣದಬತ್ತಿ ಹಚ್ಚಿ, ಕೇಳಿಕೊಂಡು, ಅವರವರ ಮನೆಗೆ ಅವರವರು ಹೋಗುತ್ತಾರೆ. ಶೆಲ್ಟರ್‌ನಲ್ಲೂ ಹಾಗೇ. "ಅಕ್ಕಾ, ಮಗಳ ಬಾಣಂತನ ಇದೆ, ನಿಮ್ಮ ದೇವರಿಗೂ ಒಂದು ಮಾತು ಹೇಳಿ." ಅಷ್ಟು ಹೇಳಿದ ಮೇಲೆ ಅವರ ಪಕ್ಕ ಕೂತು, ಅವರ ಭಾಷೆಯಲ್ಲೇ, ಎರಡು ನಿಮಿಷ. ಮಗಳ ಹೆಸರು ಕೇಳಿಕೊಂಡು, ಊರಿನ ಹೆಸರು ಕೇಳಿಕೊಂಡು. ದೊಡ್ಡ ದನಿ ಇಲ್ಲ. ಪಕ್ಕದ ಚಾಪೆಯವರು ಮಲಗಿರುತ್ತಾರೆ.

ಇಲ್ಲೇ ನಾನು ಕಲಿತ ದೊಡ್ಡ ಪಾಠ ಇರುವುದು. ಜನ ಪ್ರಾರ್ಥನೆಗೆ ಏನು ಕೇಳುತ್ತಾರೆ ಅನ್ನೋದನ್ನು ಕಿವಿಗೊಟ್ಟು ಕೇಳಿ. ಪರಲೋಕ ಕೇಳಿದವರು ಕಡಿಮೆ. ಮಂಡಿ ನೋವು. ಕಳೆದ ಫೋನು. ಮಾತು ಬಿಟ್ಟ ಮಗ. ಮೇಸ್ತ್ರಿ ಕೊಡದೇ ಇರುವ ಕೂಲಿ.

ರಾಯಚೂರು ಕಡೆಯ ಒಬ್ಬ ಅಜ್ಜ ಇದ್ದರು. ಮೂವತ್ತು ವರ್ಷ ಈ ಊರಿನಲ್ಲಿ ಗಾರೆ ಕೆಲಸ ಮಾಡಿದವರು. ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿ ಮಡಿಸಿ ಹರಿದ ಆಧಾರ್ ಜೆರಾಕ್ಸ್ ಇತ್ತು. ಅದರಲ್ಲಿ ಮುಖ ಕಾಣುತ್ತಿರಲಿಲ್ಲ, ನಂಬರ್ ಹೇಗೋ ಕಾಣುತ್ತಿತ್ತು. ಕಾರ್ಡು ಕಳೆದಿತ್ತು, ಅದಕ್ಕೆ ಸೇರಿದ ಫೋನ್ ನಂಬರೂ ಹೋಗಿತ್ತು. "ಯವ್ವಾ, ದೇವರಿಗೆ ಹೇಳು, ನನ್ನ ಕಾರ್ಡ್ ಒಂದು ಆಗಲಿ. ಅದಿಲ್ಲಂದ್ರ ಎಲ್ಲೂ ನನ್ನ ಮಾತು ಕೇಳವಲ್ಲರು" ಅಂದರು. ನಾನು ಪ್ರಾರ್ಥಿಸಿದೆ. ಆಮೆನ್ ಅಂದೆ. ಬಸ್ಸಿನಲ್ಲಿ ಬರೆಯುವಾಗ ಪೆನ್ನು ಅಲ್ಲೇ ನಿಂತಿತು. ಇದನ್ನು ದೇವರಿಗೆ ಹೇಳಿ ನಾನು ಮನೆಗೆ ಹೋಗಿ ಮಲಗುವುದಾ? ಆಧಾರ್ ಕೇಂದ್ರ ಇರುವ ಊರಿನಲ್ಲಿ, ಸೋಮವಾರ ರಜೆ ಹಾಕಬಹುದಾದ ನಾನು?

ವಿಚಾರಿಸಿದಾಗ, ಮಾನ್ಯತೆ ಇರುವ ಶೆಲ್ಟರ್‌ನ ಮುಖ್ಯಸ್ಥರು ಬರೆದುಕೊಟ್ಟ ಸರ್ಟಿಫಿಕೇಟ್ ವಿಳಾಸಕ್ಕೆ ನಡೆಯುತ್ತದೆ ಎಂದು ಗೊತ್ತಾಯಿತು. ಸೋಮವಾರ ಅಜ್ಜನನ್ನು ಕರೆದುಕೊಂಡು ಹೋದೆ. ಬೆರಳಚ್ಚು ಬರಲಿಲ್ಲ. ಸಿಮೆಂಟು, ಸುಣ್ಣ ಮುಟ್ಟಿ ಮುಟ್ಟಿ ಬೆರಳ ತುದಿಯ ಗೆರೆಗಳೇ ಸವೆದಿದ್ದವು. ಆಪರೇಟರ್ ಹುಡುಗಿ ಒದ್ದೆ ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿ ಮತ್ತೆ ಒತ್ತಿಸಿದಳು. ಹತ್ತೂ ಬೆರಳು ಒತ್ತಿಸಿದ್ದಾಯಿತು, ಒಂದೂ ಬರಲಿಲ್ಲ. ಅಜ್ಜ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು, ತಪ್ಪು ಮಾಡಿದವರ ಹಾಗೆ. "ಇದ ಕೈಯಾಗ ಎಷ್ಟು ಮನಿ ಕಟ್ಟೀನವ್ವ" ಅಂದರು. ಕೊನೆಗೆ ಕಣ್ಣಿನ ಮೆಷಿನ್ ತಂದರು. ಅದು ಹೊಂದಿತು. ಪರದೆ ಮೇಲೆ ಅವರ ಹೆಸರು ಬಂದಾಗ ನಾನು ಆ ಪ್ಲಾಸ್ಟಿಕ್ ಕುರ್ಚಿಯಲ್ಲೇ ಕೂತು ಇನ್ನೊಂದು ಸಲ ಆಮೆನ್ ಅಂದೆ. ಶನಿವಾರದ ಪ್ರಾರ್ಥನೆ ಅಲ್ಲಿಯವರೆಗೆ ಮುಗಿದಿರಲಿಲ್ಲ ಅಂತಲೇ ನನ್ನ ನಂಬಿಕೆ.

ಅಜ್ಜ ಕ್ರೈಸ್ತರಾಗಲಿಲ್ಲ. ನಾನು ಕೇಳಲೂ ಇಲ್ಲ. ಊರಿಗೆ ಹೋಗುವ ಮುಂಚೆ, "ನಿಮ್ಮ ಯೇಸಪ್ಪ ಭಾಳ ಚಲೋ ಮಂದಿ ಕಳಿಸ್ಯಾನ" ಎಂದು ಶೆಲ್ಟರ್ ಮ್ಯಾನೇಜರ್ ಹತ್ತಿರ ಹೇಳಿದರಂತೆ.

ಎಲ್ಲ ಹೀಗೆ ಆಗುವುದಿಲ್ಲ, ಅದನ್ನೂ ಹೇಳಬೇಕು. ನಾವು ಪ್ರಾರ್ಥಿಸಿದ ಬಾಣಂತಿ ಉಳಿಯಲಿಲ್ಲ. ಕುಡಿತ ಬಿಡುತ್ತೇನೆ ಎಂದು ನನ್ನ ಕೈ ಹಿಡಿದು ಅತ್ತ ಹುಡುಗ ಮಾರನೇ ವಾರ ಫುಟ್‌ಪಾತಿನಲ್ಲಿ ಬಿದ್ದಿದ್ದ, ನನ್ನನ್ನು ಗುರುತು ಹಿಡಿಯಲಿಲ್ಲ. ಆಗ ಏನು ಹೇಳಬೇಕೋ ತೋಚುವುದಿಲ್ಲ. ಆ ಬಾಣಂತಿಯ ತಾಯಿಯ ಪಕ್ಕ ಮಾತಿಲ್ಲದೆ ಕೂತಿದ್ದೆ. ಎದುರು ಚಾಪೆಯ ಸಾಬರ ಹೆಂಗಸು ಎದ್ದು ಬಂದು ನಮ್ಮಿಬ್ಬರಿಗೂ ನೀರು ಕೊಟ್ಟು, ತನ್ನ ದುವಾ ತಾನು ಹೇಳಿದರು. ನಾನು ಕೈ ಮುಗಿದುಕೊಂಡಿದ್ದೆ.

ಯೂತ್ ಗುಂಪಿನ ಮಕ್ಕಳೇ, ಕೇಕ್ ತನ್ನಿ, ಕಂಬಳಿ ತನ್ನಿ, ಹಾಡು ಬೇಕಾದರೆ ಊಟ ಆದ ಮೇಲೆ ಹಾಡಿ, ಕೇಳಲು ಇಷ್ಟ ಇರುವವರು ಕೂರುತ್ತಾರೆ. ಅವರು ತಿನ್ನುವಾಗ ಫೋಟೋ ತೆಗೆಯಬೇಡಿ. ಇನ್ನೊಂದು ಮಾತು. ಕ್ರಿಸ್‌ಮಸ್ ವಾರದಲ್ಲಿ ಒಂದೇ ಶೆಲ್ಟರ್‌ಗೆ ನಾಲ್ಕು ಗುಂಪು ಬರುತ್ತವೆ, ಒಂದೇ ದಿನ ಎರಡೆರಡು ಬಿರಿಯಾನಿ. ಫೆಬ್ರವರಿಯಲ್ಲಿ ಯಾರೂ ಇರುವುದಿಲ್ಲ. ನಿಮ್ಮಲ್ಲಿ ಅರ್ಧ ಜನ ಡಿಸೆಂಬರ್ ಬಿಟ್ಟು ಫೆಬ್ರವರಿಗೆ ಹೆಸರು ಕೊಡಿ.

ಹೋದ ಶನಿವಾರದ ಪುಟದಲ್ಲಿ ಮೂರು ಸಾಲು ಇದೆ. ಒಬ್ಬ ಅಮ್ಮನಿಗೆ ಎಡಗಣ್ಣಿನ ಪೊರೆ, ಮಂಗಳವಾರ ಬೆಳಗ್ಗೆ ಎಂಟಕ್ಕೆ ಕಣ್ಣಾಸ್ಪತ್ರೆಯಲ್ಲಿ ಚೀಟಿ ಮಾಡಿಸಬೇಕು, ಜೊತೆಗೆ ಒಬ್ಬರು ಇರಲೇಬೇಕು ಎಂದಿದ್ದಾರೆ. ಒಬ್ಬ ಅಣ್ಣನಿಗೆ ಬಾಕಿ ಕೂಲಿ ವಿಷಯಕ್ಕೆ ಕನ್ನಡದಲ್ಲಿ ಅರ್ಜಿ ಬರೆದುಕೊಡುವವರು ಬೇಕು. ಮೂರನೆಯದು ಒಬ್ಬ ತಾಯಿ ತಮ್ಮ ಮಗನಿಗಾಗಿ ಕೇಳಿದ್ದು, ಅದನ್ನು ಇಲ್ಲಿ ಬರೆಯುವಂತಿಲ್ಲ, ಅದಕ್ಕೆ ಪ್ರಾರ್ಥಿಸಿ. ಮಂಗಳವಾರ ನನಗೆ ರಜೆ ಸಿಗುತ್ತಿಲ್ಲ. ಯಾರಿಗೆ ಬಿಡುವಿದೆಯೋ ಇನ್‌ಬಾಕ್ಸ್‌ಗೆ ಬನ್ನಿ.