ನಾಲ್ಕನೇ ಸ್ಥಾನದ ಹುಡುಗಿ ಅನ್ನೋದನ್ನ ಇನ್ನಾದರೂ ಬಿಡೋಣ್ವಾ?

ಮೊನ್ನೆ ಆಫೀಸಲ್ಲಿ ಊಟದ ಹೊತ್ತಿಗೆ ನಮ್ಮ ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಹೆಸರು ಬಂತು. ಒಬ್ಬರು ತಕ್ಷಣ "ಓ, ಒಲಿಂಪಿಕ್ಸ್‌ನಲ್ಲಿ ನಾಲ್ಕನೇದು ಬಂದಳಲ್ಲ, ಆ ಹುಡುಗಿ ತಾನೇ" ಅಂದರು. ಇನ್ನೊಬ್ಬರು "ಪಾಪ, ಈಗ ಆಡೋದು ಬಿಟ್ಟಿದ್ದಾಳಾ?" ಅಂತ ಕೇಳಿದರು. ನನಗೆ ತುತ್ತು ಗಂಟಲಲ್ಲೇ ನಿಂತಿತು. ಅವತ್ತು ಸುಮ್ಮನಿದ್ದೆ. ಇವತ್ತು ಬರೀತಾ ಇದ್ದೀನಿ, ಸ್ವಲ್ಪ ಉದ್ದ ಆಗುತ್ತೆ, ಬೇಜಾರಾದರೆ ಮುಂದಕ್ಕೆ ಸ್ಕ್ರೋಲ್ ಮಾಡಿ. (ಏಕವಚನದಲ್ಲೇ ಬರೀತೀನಿ. ಮನೆ ಹುಡುಗಿಯ ಬಗ್ಗೆ ಮಾತಾಡೋ ಸಲುಗೆ ಅಂದುಕೊಳ್ಳಿ.)

ಮೊದಲೇ ಹೇಳಿಬಿಡ್ತೀನಿ, ನಾನೇನು ಗಾಲ್ಫ್ ಪಂಡಿತ ಅಲ್ಲ. ಕೋಲು ಕೈಯಲ್ಲಿ ಹಿಡಿದವನೇ ಅಲ್ಲ. ಬೆಂಗಳೂರಲ್ಲಿ 1876ರಿಂದ ಗಾಲ್ಫ್ ಕ್ಲಬ್ ಇದೆ, ಆದರೆ ನಮ್ಮಂಥವರಿಗೆ ಅದು ಬಸ್ಸಿನ ಕಿಟಕಿಯಿಂದ ಕಾಣೋ ಹಸಿರು, ಅಷ್ಟೇ. ಅದಿತಿ ಮನೆಯವರಿಗೂ ಗಾಲ್ಫ್‌ಗೂ ಮೊದಲು ಸಂಬಂಧವೇನೂ ಇರಲಿಲ್ಲವಂತೆ. ತಿಂಡಿಗೆ ಹೋಗ್ತಿದ್ದ ಕಡೆಯಿಂದ ಚಳ್ಳಘಟ್ಟದ ಕೆಜಿಎ (ಕರ್ನಾಟಕ ಗಾಲ್ಫ್ ಅಸೋಸಿಯೇಷನ್) ಕೋರ್ಸ್ ಕಾಣುತ್ತಿತ್ತು, ಐದು ವರ್ಷದ ಮಗು ಅದೇನು ಅಂತ ಕೇಳಿತು, ಅಪ್ಪ ಅಮ್ಮ ಕರೆದುಕೊಂಡು ಹೋದರು. ಶುರುವಾಗಿದ್ದು ಹಾಗೆ.

ನನಗೆ ಈ ಆಟ ಒಂಚೂರು ಅರ್ಥ ಆಗಿದ್ದು 2021ರ ಆಗಸ್ಟ್ 7ರ ಶನಿವಾರ, ಟೋಕಿಯೋ ಒಲಿಂಪಿಕ್ಸ್ ಹೊತ್ತಿಗೆ. ಆವತ್ತು ಸಂಜೆ ನೀರಜ್ ಚೋಪ್ರಾ ಈಟಿ ಎಸೆದು ಚಿನ್ನ ಗೆದ್ದದ್ದು ಎಲ್ಲರಿಗೂ ನೆನಪಿದೆ. ಆದರೆ ಅದೇ ದಿನ ಬೆಳಗಿನ ಜಾವ ಎದ್ದು, ಕಣ್ಣುಜ್ಜಿಕೊಂಡು, ಬರ್ಡಿ ಅಂದರೇನು ಬೋಗಿ ಅಂದರೇನು ಅಂತ ಗೂಗಲ್ ಮಾಡಿಕೊಂಡು ಟಿವಿ ಮುಂದೆ ಕೂತಿದ್ದವರು ನನ್ನ ಹಾಗೆ ಸುಮಾರು ಜನ ಇದ್ದರು. ಕೆಳಗಿನ ಮನೆ ಅಂಕಲ್ ಕೂಡ ಕಾಫಿ ಲೋಟ ಹಿಡಿದುಕೊಂಡು ಮೇಲೆ ಬಂದಿದ್ದರು. ಅವರು ಹುಡುಗರಾಗಿದ್ದಾಗ ನಾಲ್ಕೈದು ವರ್ಷ ಕ್ಯಾಡಿ ಕೆಲಸ ಮಾಡಿದವರು, ಸಾಹೇಬರುಗಳ ಬ್ಯಾಗ್ ಹೊತ್ತವರು. ಅದು ನಮಗೆ ಗೊತ್ತಾಗಿದ್ದೇ ಆವತ್ತು.

ಗಾಲ್ಫಲ್ಲಿ ಹೊಡೆತ ಕಮ್ಮಿ ಇದ್ದವರೇ ಮುಂದೆ. ನಾಲ್ಕು ದಿನದ ಆಟದಲ್ಲಿ ಮೂರು ದಿನ ಮುಗಿದಾಗ ಅದಿತಿ ಒಬ್ಬಳೇ ಎರಡನೇ ಸ್ಥಾನದಲ್ಲಿದ್ದಳು. ಮುಂದೆ ಇದ್ದವಳು ನೆಲ್ಲಿ ಕೊರ್ಡಾ, ಜಗತ್ತಿಗೇ ನಂಬರ್ ಒನ್. ನಮ್ಮವಳ ರ‍್ಯಾಂಕ್ 200. ಬ್ಯಾಗ್ ಹೊತ್ತಿದ್ದು ಅಮ್ಮ. ಟೀಯಿಂದ, ಅಂದರೆ ಮೊದಲ ಹೊಡೆತ ಹೊಡೆಯೋ ಜಾಗದಿಂದ, ಹೊಡೆದರೆ ಕೊರ್ಡಾಳ ಚೆಂಡು ಎಷ್ಟೋ ಮುಂದೆ ಹೋಗಿ ಬೀಳೋದು, ಇವಳದ್ದು ಹಿಂದೆ. ಅದಕ್ಕೂ ಕೆಲವು ತಿಂಗಳ ಮುಂಚೆ ಕೋವಿಡ್ ಬಂದು ಮೈಯಲ್ಲಿ ಶಕ್ತಿ ಬೇರೆ ಕಮ್ಮಿಯಾಗಿತ್ತು. ಬೇರೆಯವರು ಸಣ್ಣ ಐರನ್ (ಹತ್ತಿರದ ಹೊಡೆತದ ಕೋಲು) ಹಿಡಿಯೋ ಕಡೆ ಇವಳು ಹೈಬ್ರಿಡ್ (ದೂರದ ಹೊಡೆತದ ಕೋಲು) ಹಿಡಿದು ದೂರದಿಂದಲೇ ಗ್ರೀನ್‌ಗೆ, ಅಂದರೆ ಗುಳಿ ಸುತ್ತಲಿನ ನುಣ್ಣನೆ ಹುಲ್ಲಿಗೆ, ಏರಿಸಬೇಕಿತ್ತು. ಗ್ರೀನ್ ಮೇಲೆ ಬಂದಮೇಲೆ ಮಾತ್ರ ಕಥೆನೇ ಬೇರೆ. ಪಟರ್ (ಚೆಂಡನ್ನು ಗುಳಿಗೆ ತಳ್ಳೋ ಕೋಲು) ಕೈಗೆ ಬಂತು ಅಂದರೆ ಚೆಂಡು ಹೇಳಿದ ಮಾತು ಕೇಳ್ತಿತ್ತು.

ನಾನು "ಇಷ್ಟು ಹತ್ತಿರದಿಂದ ತಳ್ಳೋದು ಏನು ಮಹಾ ಅಂಕಲ್?" ಅಂದೆ. ಅವರು ಏನೂ ಹೇಳದೆ ನನ್ನ ಮಗನ ಡಬ್ಬಿಯಿಂದ ಒಂದು ಗೋಲಿ ತೆಗೆದು ಹಾಲಿನ ನೆಲದ ಮೇಲೆ ಉರುಳಿಸಿದರು. ನೇರ ಹೋಗ್ತಿದ್ದ ಗೋಲಿ ಸೋಫಾ ಹತ್ತಿರ ಬಂದು ನಿಧಾನವಾಗಿ ಬಚ್ಚಲ ಕಡೆ ತಿರುಗಿಕೊಂಡಿತು. ಆ ಮನೆಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ, ನೆಲ ಆ ಕಡೆ ಇಳಿಜಾರು ಅಂತ ನನಗೇ ಗೊತ್ತಿರಲಿಲ್ಲ. "ಇದು ಟೈಲ್ಸು. ಅಲ್ಲಿ ಹುಲ್ಲು. ಇಳಿಜಾರು ನೋಡಬೇಕು, ಹುಲ್ಲು ಯಾವ ಕಡೆ ಮಲಗಿದೆ ನೋಡಬೇಕು, ಇಬ್ಬನಿ ಆರಿದೆಯಾ ನೋಡಬೇಕು. ಆಮೇಲೆ ತಳ್ಳಬೇಕು" ಅಂದರು.

ಮಧ್ಯೆ ಗುಡುಗು ಮಳೆ ಅಂತ ಆಟ ನಿಂತಿತು. ಮತ್ತೆ ಶುರುವಾಯಿತು. ಕೊನೆ ಹೋಲ್‌ನಲ್ಲಿ ಬರ್ಡಿ (ಆ ಹೋಲ್‌ಗೆ ಗೊತ್ತುಮಾಡಿದ್ದಕ್ಕಿಂತ ಒಂದು ಹೊಡೆತ ಕಮ್ಮಿ) ಬಿದ್ದಿದ್ದರೆ ಪದಕಕ್ಕೆ ಪ್ಲೇಆಫ್, ಅಂದರೆ ಸಮ ಬಂದವರ ಮಧ್ಯೆ ಮತ್ತೆ ಆಟ. ಚೆಂಡು ಪಕ್ಕದಲ್ಲೇ ಹಾದು ಹೋಯಿತು. ಕೊರ್ಡಾ ಪಾರ್‌ಗಿಂತ (ಕೋರ್ಸ್‌ಗೆ ಗೊತ್ತುಮಾಡಿದ ಹೊಡೆತದ ಲೆಕ್ಕ) 17 ಕಮ್ಮಿ, ಜಪಾನಿನ ಇನಾಮಿ ಮತ್ತು ನ್ಯೂಜಿಲೆಂಡಿನ ಲಿಡಿಯಾ ಕೋ 16, ನಮ್ಮ ಅದಿತಿ 15. ನಾಲ್ಕು ದಿನ, 72 ಹೋಲ್, ಒಟ್ಟು 269 ಹೊಡೆತ. ಅದರಲ್ಲಿ ಒಂದು ಜಾಸ್ತಿ ಆಯಿತು. ಅಂಕಲ್ ಲೋಟ ಕೆಳಗಿಟ್ಟು ಏನೂ ಮಾತಾಡದೆ ಮೆಟ್ಟಿಲಿಳಿದು ಹೋದರು.

ಈಗ ನನ್ನ ತಕರಾರಿಗೆ ಬರ್ತೀನಿ. ಆ ಒಂದು ಹೊಡೆತವನ್ನೇ ಹಿಡಿದುಕೊಂಡು ಅವಳ ಇಡೀ ಆಟಕ್ಕೆ ಹೆಸರಿಟ್ಟುಬಿಟ್ಟಿದ್ದೇವಲ್ಲ, ಅದು ನ್ಯಾಯವಾ? ಒಂದೇ ಹೊಡೆತದಲ್ಲಿ ಅವಳು ಗೆದ್ದಿದ್ದೂ ಇದೆ. 2016ರ ನವೆಂಬರಲ್ಲಿ ಗುರುಗ್ರಾಮದಲ್ಲಿ ನಡೆದ ವುಮೆನ್ಸ್ ಇಂಡಿಯನ್ ಓಪನ್ ಗೆದ್ದಿದ್ದು ಒಂದೇ ಹೊಡೆತದ ಅಂತರದಲ್ಲಿ. ಯುರೋಪಿನ ಹೆಣ್ಣುಮಕ್ಕಳ ವೃತ್ತಿಪರ ಗಾಲ್ಫ್ ಸರಣಿಯಾದ ಲೇಡೀಸ್ ಯುರೋಪಿಯನ್ ಟೂರ್‌ನಲ್ಲಿ ಗೆದ್ದ ಮೊದಲ ಭಾರತೀಯಳು ಅವಳೇ. ವಯಸ್ಸು 18. ಎರಡು ವಾರಕ್ಕೆ ಕತಾರ್‌ನಲ್ಲಿ ಇನ್ನೊಂದು ಗೆದ್ದಳು. ಆ ವರ್ಷ ಪಿಯುಸಿ ವಯಸ್ಸಿನ ಹುಡುಗಿ ಹನ್ನೆರಡನೇ ಕ್ಲಾಸ್ ಬೋರ್ಡ್ ಪರೀಕ್ಷೆ ಬರೆದು, ಅಪ್ಪನ ಕೈಗೆ ಬ್ಯಾಗ್ ಕೊಟ್ಟು ರಿಯೋ ಒಲಿಂಪಿಕ್ಸ್ ಬೇರೆ ಆಡಿ ಬಂದಿದ್ದಳು. ಇದೆಲ್ಲ ಆದಾಗ ನಾವೆಲ್ಲಿದ್ದೆವು? ನಾನಂತೂ ನೋಟು ಬದಲಾಯಿಸೋ ಕ್ಯೂನಲ್ಲಿದ್ದೆ.

ಗಾಲ್ಫ್ ಆಡಿ ಬದುಕೋದು ಅಂದರೆ ಏನು ಅಂತ ಆಮೇಲೆ ಓದಿ ಓದಿ ತಿಳಿದುಕೊಂಡೆ. ಸಂಬಳ ಅಂತ ಇಲ್ಲ. ವಿಮಾನ, ಹೋಟೆಲ್, ಕ್ಯಾಡಿ, ಕೋಚ್ ಎಲ್ಲ ಕೈಯಿಂದಲೇ. ಗುರುವಾರ ಶುಕ್ರವಾರ ಆಡಬೇಕು. ಶುಕ್ರವಾರ ಸಂಜೆ ಒಂದು ಗೆರೆ ಎಳೆಯುತ್ತಾರೆ, ಅದಕ್ಕೆ ಕಟ್ ಅಂತಾರೆ. ಗೆರೆಯ ಆಚೆ ಉಳಿದವರಿಗೆ ಸಾಮಾನ್ಯವಾಗಿ ಒಂದು ಪೈಸೆ ಬಹುಮಾನ ಇಲ್ಲ, ಬಟ್ಟೆ ಗಂಟು ಕಟ್ಟಿಕೊಂಡು ಮುಂದಿನ ಊರಿಗೆ ಹೋಗಬೇಕು. ನಮ್ಮ ಕಂಪನಿ ನಾಟಕದವರ ಜೀವನ ನೆನಪಾಗುತ್ತೆ ನನಗೆ. ಒಂದೂರಲ್ಲಿ ಕಲೆಕ್ಷನ್ ಆಗಲಿಲ್ಲ ಅಂದರೆ ಇನ್ನೊಂದೂರಲ್ಲಿ ಟೆಂಟು. ಹೀಗೆ ಹತ್ತು ವರ್ಷ ಅಲ್ಲೇ ಉಳಿದುಕೊಳ್ಳೋದಿದೆಯಲ್ಲ, ಅದರಲ್ಲೂ ಉದ್ದ ಹೊಡೆಯೋಕೆ ಆಗದವಳು, ಉದ್ದ ಹೊಡೆಯೋರ ಮಧ್ಯೆ, ನನಗೆ ಅದೇ ದೊಡ್ಡದಾಗಿ ಕಾಣುತ್ತೆ.

2023 ಒಂದೇ ವರ್ಷ ನೋಡಿ. ಫೆಬ್ರವರಿಯಲ್ಲಿ ಕೀನ್ಯಾದಲ್ಲಿ ಒಂಬತ್ತು ಹೊಡೆತ ಮುಂದಿದ್ದು ಗೆದ್ದಳು. ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪ್ಲೇಆಫ್‌ವರೆಗೆ ಹೋಗಿ ಸೋತಳು, ಅಮೆರಿಕದ ಹೆಣ್ಣುಮಕ್ಕಳ ವೃತ್ತಿಪರ ಸರಣಿಯಾದ ಎಲ್‌ಪಿಜಿಎ ಟೂರ್‌ನ ಪ್ರಶಸ್ತಿ ಕೈಗೆ ಬಂದಿದ್ದು ಜಾರಿತು. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕೊನೆ ದಿನಕ್ಕೆ ಏಳು ಹೊಡೆತ ಮುಂದಿದ್ದಳು, ಆ ದಿನ 77 ಆಡಿ ಚಿನ್ನ ಥಾಯ್ಲೆಂಡ್ ಹುಡುಗಿಗೆ ಹೋಯಿತು. ಬೆಳ್ಳಿ ಬಂತು. ಏಷ್ಯನ್ ಗೇಮ್ಸ್ ಗಾಲ್ಫ್‌ನಲ್ಲಿ ಭಾರತದ ಹೆಣ್ಣುಮಗಳೊಬ್ಬಳು ಗೆದ್ದ ಮೊದಲ ಪದಕ ಅದು, ಆದರೆ ಫೇಸ್‌ಬುಕ್ ತುಂಬ "ಒತ್ತಡ ತಡೆಯೋಕೆ ಆಗಲ್ಲ ಇವಳಿಗೆ" ಅನ್ನೋ ಬೋಧನೆ. ಬರೆದವರಲ್ಲಿ ಎಷ್ಟು ಜನ ನವೆಂಬರ್ ಕೊನೆಯಲ್ಲಿ ಅವಳು ಸ್ಪೇನ್‌ನ ಓಪನ್ ಗೆದ್ದಿದ್ದನ್ನು ಗಮನಿಸಿದರು? ಎರಡು ತಿಂಗಳೂ ಆಗಿರಲಿಲ್ಲ.

ಹಾಗಂತ ಅವಳ ಆಟದಲ್ಲಿ ಕೊರತೆ ಇಲ್ಲ ಅಂತಲ್ಲ. ಎಲ್‌ಪಿಜಿಎ ಕೋರ್ಸ್‌ಗಳಲ್ಲಿ ಉದ್ದ ಕಮ್ಮಿ ಆದರೆ ಕಷ್ಟವೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 29ನೇ ಸ್ಥಾನ, ನನಗೂ ನಿರಾಸೆ ಆಯಿತು. ಆದರೆ ನಿರಾಸೆ ಆಗೋದಕ್ಕೂ ಆಟ ನೋಡಿರಬೇಕು ಅಲ್ವಾ? ನಾಲ್ಕು ವರ್ಷಕ್ಕೊಂದು ವಾರ ಟಿವಿ ಹಾಕಿ ಪದಕ ಎಲ್ಲಿ ಅಂತ ಕೇಳೋರಿಗೆ ನನ್ನ ಹತ್ತಿರ ಉತ್ತರ ಇಲ್ಲ.

ನಮ್ಮ ಮನೆಯಲ್ಲಂತೂ ಈಗ ಶುಕ್ರವಾರ ಮಲಗೋ ಮುಂಚೆ ಫೋನಲ್ಲಿ ಸ್ಕೋರ್ ನೋಡೋದು ಅಭ್ಯಾಸ ಆಗಿದೆ. ಅಮೆರಿಕದಲ್ಲಿದ್ದರೆ ಶನಿವಾರ ಬೆಳಗ್ಗೆ. ಅಂಕಲ್ ಹಾಲು ತರೋಕೆ ಹೋಗ್ತಾ ಕೆಳಗಿನಿಂದಲೇ ಕೂಗಿ ಕೇಳ್ತಾರೆ, "ಏನಪ್ಪಾ, ಕಟ್ ಆಯ್ತಾ?" ಅಡುಗೆಮನೆಯಿಂದ ಅಮ್ಮನ ಉತ್ತರ: "ಇಲ್ಲ ಕಣ್ರೀ, ನಮ್ಮಲ್ಲಿ ಕರೆಂಟ್ ಇದೆ."