ಒಂದೇ ಪೊಟ್ಟಣಕ್ಕೆ ಒಂದೇ ಪಾಕ: ಯುರೋಪಿನಲ್ಲಿ ಕಡ್ಡಾಯವಾಗಬೇಕೇ?

ಪರ

ಸ್ಲೊವಾಕಿಯಾದ ರಾಜಧಾನಿ ಬ್ರಾಟಿಸ್ಲಾವಾದಿಂದ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಎರಡೂ ಊರಿನ ಅಂಗಡಿಗಳಲ್ಲಿ ಫಿಶ್ ಫಿಂಗರ್ ಪೊಟ್ಟಣದ ಮೇಲೆ ಅದೇ ಹೆಸರು, ಅದೇ ಚಿತ್ರ ಇದ್ದು, ಹಿಂಬದಿಯ ಸಣ್ಣಕ್ಷರದಲ್ಲಿ ಮೀನಿನ ಪಾಲು ಮಾತ್ರ ಒಂದು ಕಡೆ ಕಡಿಮೆ ಎಂದಾದರೆ ಅದಕ್ಕೆ ಮೋಸ ಎನ್ನದೆ ಬೇರೆ ಹೆಸರಿಲ್ಲ. ಸ್ಲೊವಾಕಿಯಾದವರಿಗೆ ಮೀನು, ಹಂಗೇರಿಯವರಿಗೆ ಮಾಂಸ, ಚೆಕ್ ಜನರಿಗೆ ಕೋಕೊ ಕಡಿಮೆ ಸಿಗುವುದನ್ನು ಒಪ್ಪಲಾಗದು ಎಂದು ಯುರೋಪಿಯನ್ ಒಕ್ಕೂಟದ ಆಡಳಿತ ಮಂಡಳಿಯಾದ ಯುರೋಪಿಯನ್ ಕಮಿಷನ್ ಅಧ್ಯಕ್ಷರಾಗಿದ್ದ ಯುಂಕರ್ 2017ರಲ್ಲೇ ಹೇಳಿದ್ದರು. 2019ರಲ್ಲಿ ಕಮಿಷನ್ನಿನದೇ ಸಂಶೋಧನಾ ಕೇಂದ್ರ 19 ದೇಶಗಳಲ್ಲಿ ಸುಮಾರು 1,400 ಉತ್ಪನ್ನಗಳನ್ನು ಹೋಲಿಸಿತು. 9%ರಲ್ಲಿ ಪೊಟ್ಟಣದ ಮುಖ ತದ್ರೂಪ, ಒಳಗಿನದು ಬೇರೆ. ಇನ್ನೂ 22%ರಲ್ಲಿ ಮುಖ ಹೆಚ್ಚುಕಡಿಮೆ ಒಂದೇ, ಒಳಗಿನದು ಬೇರೆ.

ಕಂಪನಿಗಳು ಕೊಡುವ ಸಮಜಾಯಿಷಿ, ಆಯಾ ನಾಡಿನ ರುಚಿ. ಉಪ್ಪು, ಸಿಹಿಯ ಮಾತಾದರೆ ಪೊಟ್ಟಣದ ಮುಖವನ್ನೂ ಬದಲಿಸಿ ಮಾರಲಿ. ಮೀನು ಕಡಿಮೆ ಹಾಕಿ ಎಂದು ಯಾವ ನಾಲಿಗೆ ಕೇಳುತ್ತದೆ? ಲೇಬಲ್ ಓದಿಕೊಳ್ಳಲಿ ಎನ್ನುವವರೂ ಇದ್ದಾರೆ. ಲೇಬಲ್ ನೋಡಿ ಒಂದೇ ಕಪಾಟಿನ ಎರಡು ಪೊಟ್ಟಣಗಳನ್ನು ಹೋಲಿಸಬಹುದು. ಬ್ರಾಟಿಸ್ಲಾವಾದ ಅಂಗಡಿಯಲ್ಲಿ ನಿಂತವಳ ಕೈಯಲ್ಲಿ ವಿಯೆನ್ನಾದ ಪೊಟ್ಟಣ ಇರುವುದಿಲ್ಲ. ಬೇರೆ ಬೇರೆ ಪಾಕವನ್ನು ಒಂದೇ ಎಂಬಂತೆ ಮಾರುವುದನ್ನು ತಡೆಯಲು ಒಕ್ಕೂಟದಲ್ಲಿ 2022ರ ಮೇ 28ರಿಂದ ಜಾರಿಯಲ್ಲಿರುವ ನಿಯಮವೂ ನ್ಯಾಯಸಮ್ಮತ, ವಸ್ತುನಿಷ್ಠ ಕಾರಣ ತೋರಿಸಿದವರಿಗೆ ವಿನಾಯಿತಿ ಕೊಡುತ್ತದೆ. ಆ ಕಿಂಡಿ ಮುಚ್ಚಬೇಕು.

ವಿರೋಧ

ಮಿಲ್ಕ್ ಚಾಕೊಲೇಟನ್ನೇ ತೆಗೆದುಕೊಳ್ಳಿ. ಯುರೋಪಿನ 2000ದ ನಿಯಮದ ಪ್ರಕಾರ ಅದರಲ್ಲಿ ಕೋಕೊ ಕನಿಷ್ಠ 25%, ಹಾಲಿನ ಘನಾಂಶ ಕನಿಷ್ಠ 14% ಇರಬೇಕು. ಬ್ರಿಟನ್, ಐರ್ಲೆಂಡ್‌ಗಳಲ್ಲಿ ಮಾತ್ರ ಎರಡೂ 20% ಇದ್ದರೂ ಅದೇ ಹೆಸರಿನಲ್ಲಿ ಮಾರಬಹುದೆಂದು ಅದೇ ನಿಯಮ ಒಪ್ಪಿತು. ಕೋಕೊ ಕಡಿಮೆ, ಹಾಲು ಜಾಸ್ತಿ. ಅದು ಕಳಪೆಯೇ? ಡಬ್ಲಿನ್ನಿನಲ್ಲಿ ಬೆಳೆದವರಿಗೆ ಚಾಕೊಲೇಟ್ ಎಂದರೆ ಆ ಹಾಲಿನ ರುಚಿಯೇ. ಬ್ರಿಟನ್ 1973ರಲ್ಲಿ ಒಕ್ಕೂಟ ಸೇರಿದಂದಿನಿಂದ ಎಳೆದಾಡಿ, ಕೊನೆಗೆ ಎರಡು ನಾಲಿಗೆಗಳಿಗೂ ಜಾಗ ಕೊಟ್ಟ ತೀರ್ಮಾನವಿದು.

ಇನ್ನೊಂದು, ಸಕ್ಕರೆ. ಆಗಿನ್ನೂ ಒಕ್ಕೂಟದಲ್ಲಿದ್ದ ಬ್ರಿಟನ್ 2018ರ ಏಪ್ರಿಲ್‌ನಿಂದ 100 ಮಿಲಿಲೀಟರಿಗೆ 5 ಗ್ರಾಂ ಅಥವಾ ಹೆಚ್ಚು ಸಕ್ಕರೆ ಇರುವ ತಂಪು ಪಾನೀಯಗಳ ಮೇಲೆ ತೆರಿಗೆ ಹಾಕಿತು. ಎಷ್ಟೋ ತಯಾರಕರು ಅಲ್ಲಿ ಸಕ್ಕರೆ ಇಳಿಸಿದರು. ಎಲ್ಲೆಡೆ ಒಂದೇ ಪಾಕ ಎಂಬ ಕಟ್ಟಳೆ ಇದ್ದಿದ್ದರೆ ಒಂದು ದೇಶಕ್ಕಾಗಿ ಪಾಕ ಬದಲಿಸುವ ಬದಲು ತೆರಿಗೆ ಕಟ್ಟಿ ಬೆಲೆ ಏರಿಸುವುದೇ ಅವರಿಗೆ ಸಲೀಸಾಗುತ್ತಿತ್ತು.

ಮೀನಿನ ವಿಷಯದಲ್ಲಿ ನನಗೂ ಸಿಟ್ಟಿದೆ. ಆದರೆ ಅದೇ 2019ರ ಅಧ್ಯಯನ ಇದರಲ್ಲಿ ಪೂರ್ವ ಯುರೋಪಿಗೆ ಒಂದು, ಪಶ್ಚಿಮಕ್ಕೆ ಇನ್ನೊಂದು ಎಂಬಂಥ ಸ್ಥಿರ ಭೌಗೋಳಿಕ ಮಾದರಿ ಕಾಣಲಿಲ್ಲ ಎಂದಿದೆ. ಮಿಶ್ರಣ ಬೇರೆ ಎಂದಮಾತ್ರಕ್ಕೆ ಗುಣಮಟ್ಟ ಬೇರೆಯೆಂದಲ್ಲ ಎಂದೂ ಹೇಳಿದೆ. ಪಾಕದ ಮೇಲೆ ಕೈ ಹಾಕುವುದು ಬೇಡ. ಮೀನಿನ ಪಾಲನ್ನು ಪೊಟ್ಟಣದ ಮುಂಭಾಗದಲ್ಲೇ, ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ.